ಅಗ್ರಿಮೆಂಟ್ ಆಯಿತು, ರಿಜಿಸ್ಟ್ರೇಷನ್ ಯಾವಾಗ?

ಮನೆ ನೋಡಿದ್ದಾಯಿತು, ಬೆಲೆ ಮಾತಾಡಿದ್ದಾಯಿತು, ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್‌ಗೆ ಸಹಿಯೂ ಬಿತ್ತು. ಬೆಂಗಳೂರಲ್ಲಿ ಮನೆ ಕೊಳ್ಳುವ ಅನೇಕರಿಗೆ ನಿಜವಾದ ಕಷ್ಟ ಶುರುವಾಗುವುದು ಇಲ್ಲಿಂದ ಮುಂದೆ. ಕರಾರಿನಲ್ಲಿ ಮೂರು ತಿಂಗಳು ಅಂತ ಬರೆದಿರುತ್ತಾರೆ. ಅದು ಐದಾಗುತ್ತದೆ, ಎಂಟಾಗುತ್ತದೆ. ಕೇಳಿದರೆ ಎಲ್ಲರ ಹತ್ತಿರವೂ ಒಂದು ಉತ್ತರ ಇದೆ. ಮಾರುವವರು ಬ್ಯಾಂಕಿನಿಂದ ಪತ್ರ ಬಂದಿಲ್ಲ ಅನ್ನುತ್ತಾರೆ. ಬ್ಯಾಂಕಿನವರು ವಕೀಲರ ಲೀಗಲ್ ಒಪಿನಿಯನ್ ಬರಲಿ ಅನ್ನುತ್ತಾರೆ. ವಕೀಲರು ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಎಂದು ತೋರಿಸುವ ಪಾಲಿಕೆಯ ಡಿಜಿಟಲ್ ದಾಖಲೆ, ಎಲ್ಲಿ ಅಂತ ಕೇಳುತ್ತಾರೆ. ಪಾಲಿಕೆ ಕಚೇರಿಗೆ ಹೋದರೆ, ಅರ್ಜಿ ಇನ್ನೂ ಕೇಸ್‌ವರ್ಕರ್ ಲಾಗಿನ್‌ನಲ್ಲೇ ಇದೆ ಅನ್ನುತ್ತಾರೆ.

ಹಾಗಂತ ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಒಂದೊಂದು ಹಂತವೂ ಅದರ ಹಿಂದಿನದು ಮುಗಿಯಲಿ ಅಂತ ಕಾಯುತ್ತಿರುತ್ತದೆ. ಇಡೀ ಕೆಲಸ ಇಂತಿಷ್ಟು ದಿನದಲ್ಲಿ ಮುಗಿಯಬೇಕು ಎಂದು ನೋಡಿಕೊಳ್ಳುವ ಹೊಣೆ ಮಾತ್ರ ಯಾರಿಗೂ ಇಲ್ಲ. ತಡವಾದರೆ ಬ್ಯಾಂಕಿಗೆ ನಷ್ಟವಿಲ್ಲ, ಕಚೇರಿಗೆ ನಷ್ಟವಿಲ್ಲ, ಮಾರುವವರಿಗೂ ಅಷ್ಟಾಗಿ ಇಲ್ಲ. ಕಾಯುವ ಖರ್ಚೆಲ್ಲ ಕೊಳ್ಳುವವರ ಮೇಲೆ ಬೀಳುತ್ತದೆ. ನನ್ನ ಪ್ರಕಾರ ಈ ಸಮಸ್ಯೆಯ ಮೂಲ ಇದೇ. ಸರ್ವರ್ ನಿಧಾನ, ಸಿಬ್ಬಂದಿ ಕಡಿಮೆ ಅನ್ನುವುದೆಲ್ಲ ಅದರ ಮೇಲೆ ಸೇರಿಕೊಳ್ಳುವ ತೊಂದರೆಗಳು.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ, ಮಾರಾಟದ ಕರಾರು ಮಾಡಿಕೊಂಡ ಮಾತ್ರಕ್ಕೆ ಆಸ್ತಿಯಲ್ಲಿ ಕೊಳ್ಳುವವರಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಕ್ರಯಪತ್ರ ನೋಂದಣಿಯಾದ ಮೇಲಷ್ಟೇ ಮನೆ ನಿಮ್ಮದು. ಕರಾರು ಪತ್ರ ಮತ್ತು ಜಿಪಿಎ, ಅಂದರೆ ನಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ, ಇವುಗಳ ಮೂಲಕ ಆಸ್ತಿ ಕೈ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ಮಾರುವವರು ತಪ್ಪಿದರೆ, ಕೊಟ್ಟ ಮುಂಗಡದ ಮಟ್ಟಿಗೆ ಆ ಆಸ್ತಿಯ ಮೇಲೆ ನಿಮಗೊಂದು ಭದ್ರತೆ ಅದೇ ಕಾಯ್ದೆಯ 55ನೇ ಕಲಮಿನಲ್ಲಿದೆ ನಿಜ. ಆದರೆ ಅದನ್ನು ವಸೂಲು ಮಾಡಲು ಕೋರ್ಟಿಗೇ ಹೋಗಬೇಕು. ಅಂದರೆ ಅಗ್ರಿಮೆಂಟ್‌ನಿಂದ ರಿಜಿಸ್ಟ್ರೇಷನ್‌ವರೆಗಿನ ದಿನಗಳಲ್ಲಿ ನಿಮ್ಮ ದುಡ್ಡು ಕೈಬಿಟ್ಟಿರುತ್ತದೆ, ಮನೆ ಕೈಗೆ ಬಂದಿರುವುದಿಲ್ಲ. ಈ ದಿನಗಳು ಉದ್ದವಾದಷ್ಟೂ ಅಪಾಯ ಜಾಸ್ತಿ.

ಪತ್ರಗಳು ಬ್ಯಾಂಕಿನಲ್ಲಿವೆ

ಈಗ ಮರುಮಾರಾಟಕ್ಕೆ ಬರುವ ಫ್ಲ್ಯಾಟುಗಳಲ್ಲಿ ಸಾಲ ತೀರದೇ ಇರುವಂಥವು ಬಹಳ. ಮಾರುವವರ ಮೂಲಪತ್ರಗಳು ಅವರ ಬ್ಯಾಂಕಿನಲ್ಲಿ ಅಡ ಇರುತ್ತವೆ. ಸಾಲ ತೀರಿಸದೆ ಪತ್ರ ಸಿಗುವುದಿಲ್ಲ. ಸಾಲ ತೀರಿಸಲು ಕೊಳ್ಳುವವರ ದುಡ್ಡು ಬೇಕು. ಕೊಳ್ಳುವವರ ಬ್ಯಾಂಕ್ ಮೂಲಪತ್ರ ನೋಡದೆ ದುಡ್ಡು ಬಿಡುವುದಿಲ್ಲ. ಗಂಟು ಇಲ್ಲೇ ಬೀಳುತ್ತದೆ.

ಬಿಡಿಸುವ ದಾರಿ ಇದೆ, ನಿಧಾನ ಅಷ್ಟೇ. ಮಾರುವವರ ಬ್ಯಾಂಕಿನಿಂದ ಎರಡು ಕಾಗದ ತರಿಸಬೇಕು. ಒಂದು, ಬಾಕಿ ಎಷ್ಟಿದೆ ಎಂದು ತಿಳಿಸುವ ಫೋರ್‌ಕ್ಲೋಷರ್ ಪತ್ರ. ಇನ್ನೊಂದು, ತಮ್ಮಲ್ಲಿ ಯಾವ ಯಾವ ದಾಖಲೆ ಇವೆ ಎಂಬ ಪಟ್ಟಿ. ಅದನ್ನು ನೋಡಿ ಕೊಳ್ಳುವವರ ಬ್ಯಾಂಕ್ ಬಾಕಿಯಷ್ಟು ಮೊತ್ತಕ್ಕೆ ನೇರವಾಗಿ ಆ ಬ್ಯಾಂಕಿನ ಹೆಸರಿಗೇ ಡಿಡಿ ಕೊಡುತ್ತದೆ. ಆಮೇಲೆ ಪತ್ರ ಬಿಡುಗಡೆ. ಆದರೆ ಪತ್ರಗಳು ಶಾಖೆಯಲ್ಲೇ ಇರುತ್ತವೆ ಅಂದುಕೊಳ್ಳಬೇಡಿ. ಅನೇಕ ಬ್ಯಾಂಕುಗಳು ಅವನ್ನು ಬೇರೆಡೆ ಒಂದೇ ಕಡೆ ಕೂಡಿಡುತ್ತವೆ. ಅಲ್ಲಿಂದ ತರಿಸುವುದಕ್ಕೇ ವಾರಗಳು ಹಿಡಿಯುತ್ತವೆ. ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಹಳೆ ಸಾಲಕ್ಕಾಗಿ ಪತ್ರ ಒಪ್ಪಿಸಿದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ, ಅದು ಋಣಭಾರ ಪತ್ರದಲ್ಲಿ, ಅಂದರೆ ಇಸಿಯಲ್ಲಿ ಕಾಣುತ್ತದೆ. ಅದನ್ನು ತೀರುವಳಿ ಎಂದು ಮತ್ತೆ ನೋಂದಾಯಿಸಬೇಕು. ಬ್ಯಾಂಕಿನ ಪ್ರತಿನಿಧಿ ಅಲ್ಲಿಗೆ ಬರಬೇಕು. ಅವರ ಬಿಡುವಿಗಾಗಿ ಇನ್ನೊಂದಿಷ್ಟು ದಿನ.

ಇಲ್ಲಿ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ಕೆಲಸ ಮಾಡಿದೆ. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂತಿರುಗಿಸಬೇಕು, ನೋಂದಣಿಯಾದ ಋಣಭಾರವನ್ನೂ ತೆಗೆಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಪತ್ರ ಕಳೆದುಹೋಗಿದ್ದರೆ ನಕಲು ಕೊಡಿಸುವ ಖರ್ಚೂ ಬ್ಯಾಂಕಿನದೇ, ಅದಕ್ಕೆ ಇನ್ನೂ 30 ದಿನ ಕಾಲಾವಕಾಶ. ಈ ನಿಯಮ ಮಾರುವವರಿಗೆ ಗೊತ್ತಿರುವುದೇ ಕಡಿಮೆ. ಗೊತ್ತಿದ್ದರೂ ತಮ್ಮ ಬ್ಯಾಂಕಿನ ಜೊತೆ ಯಾಕೆ ಜಗಳ ಅಂತ ಸುಮ್ಮನಿರುತ್ತಾರೆ. ಪರಿಹಾರದ ಹಣ ಸಿಗುವುದು ಸಾಲ ಪಡೆದವರಿಗೆ, ಹೊರಗೆ ಕಾಯುತ್ತಾ ನಿಂತ ನಿಮಗಲ್ಲ. ಹಾಗಾಗಿ ನೀವೇ ನೆನಪಿಸಿ, ಮಾರುವವರ ಕೈಯಲ್ಲಿ ಬ್ಯಾಂಕಿಗೆ ಪತ್ರ ಬರೆಸಬೇಕು.

ಖಾತಾ ಎಂಬ ದೊಡ್ಡ ತಡೆ

ಬೆಂಗಳೂರಿನ ಮನೆ ವ್ಯವಹಾರಗಳು ಈಚೆಗೆ ಅತಿ ಹೆಚ್ಚು ನಿಂತಿದ್ದು ಖಾತಾ ವಿಷಯದಲ್ಲಿ. 2024ರ ಅಕ್ಟೋಬರ್‌ನಲ್ಲಿ ಸರ್ಕಾರ ನೋಂದಣಿಗೆ ಇ-ಖಾತಾ ಕಡ್ಡಾಯ ಮಾಡಿತು. ಉದ್ದೇಶ ಸರಿಯಾದದ್ದೇ. ಒಂದೇ ಸೈಟನ್ನು ಇಬ್ಬರಿಗೆ ಮಾರುವುದು, ನಕಲಿ ಖಾತಾ ತೋರಿಸುವುದು, ನಿಯಮ ಪಾಲಿಸದ ಆಸ್ತಿಯ ಬಿ ಖಾತಾವನ್ನು ಸಕ್ರಮ ಆಸ್ತಿಯ ಎ ಖಾತಾ ಅಂತ ನಂಬಿಸುವುದು, ಇವೆಲ್ಲ ನಿಲ್ಲಬೇಕಾದರೆ ಆಸ್ತಿ ದಾಖಲೆ ಒಂದು ಕಡೆ ಡಿಜಿಟಲ್ ಆಗಿ ಇರಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಇ-ಸ್ವತ್ತು ಎಂಬ ಆನ್‌ಲೈನ್ ವ್ಯವಸ್ಥೆ ಬಂದು, ನಮೂನೆ 9 ಮತ್ತು 11 ಎಂಬ ಆಸ್ತಿ ದಾಖಲೆ ಕೊಡಲು ಶುರುವಾಗಿ ಆಗಲೇ ಹತ್ತು ವರ್ಷ ದಾಟಿತ್ತು. ಬೆಂಗಳೂರೇ ಹಿಂದುಳಿದಿತ್ತು.

ತೊಂದರೆ ಆದದ್ದು ಜಾರಿಗೆ ತಂದ ರೀತಿಯಿಂದ. ದಾಖಲೆ ತಯಾರಾಗುವ ಮೊದಲೇ ನಿಯಮ ಬಂತು. ಆಗ ಬಿಬಿಎಂಪಿ ವ್ಯಾಪ್ತಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಆಸ್ತಿಗಳಿದ್ದವು. ಎಲ್ಲದರ ಕರಡು ಖಾತಾ ಆನ್‌ಲೈನ್‌ನಲ್ಲಿ ಹಾಕಿ, ಮಾಲೀಕರೇ ಆಧಾರ್, ಕ್ರಯಪತ್ರದ ಸಂಖ್ಯೆ, ತೆರಿಗೆ ರಸೀದಿ, ಇಸಿ, ಬೆಸ್ಕಾಂ ಸಂಖ್ಯೆ, ಮನೆಯ ಫೋಟೋ ಕೊಟ್ಟು ಅಂತಿಮ ಖಾತಾ ಪಡೆಯಬೇಕು ಎಂದರು. ಸಾಲದ ಮಂಜೂರಾತಿ ಕೈಯಲ್ಲಿ ಹಿಡಿದು ಆ ತಿಂಗಳು ರಿಜಿಸ್ಟ್ರೇಷನ್‌ಗೆ ಸಿದ್ಧರಾಗಿದ್ದವರೆಲ್ಲ ಇದ್ದಲ್ಲೇ ನಿಂತರು.

ಎಲ್ಲ ದಾಖಲೆ ಇದ್ದವರಿಗೂ ಹೆಸರು ಹೊಂದುವುದಿಲ್ಲ. ಇದು ನಮ್ಮ ಊರಿನದೇ ಆದ ಸಮಸ್ಯೆ. ಹಳೆಯ ಕ್ರಯಪತ್ರದಲ್ಲಿ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಇರುತ್ತದೆ. ಆಧಾರ್‌ನಲ್ಲಿ ಅದೇ ಅಕ್ಷರ ಬಿಡಿಸಿ ಹಿಂದಕ್ಕೆ ಹೋಗಿರುತ್ತದೆ, ಇಲ್ಲವೇ ಕಾಣೆಯಾಗಿರುತ್ತದೆ. ಪತ್ರದಲ್ಲಿ ಕೋಂ ಎಂದು ಗಂಡನ ಹೆಸರಿದ್ದರೆ, ಆಧಾರ್‌ನಲ್ಲಿ ತಂದೆಯ ಹೆಸರಿರುತ್ತದೆ. ಅರುವತ್ತು ದಾಟಿದ ಮಾರಾಟಗಾರರ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಬೇಕು, ಆಧಾರ್ ತಿದ್ದಿಸಬೇಕು. ಅಳತೆ ತಪ್ಪಿದ್ದರೆ ಇನ್ನೊಂದು ಅರ್ಜಿ. ಒಂದು ತಪ್ಪು ತಿದ್ದಿ ಕಳಿಸಿದ ಮೇಲೆ ಎರಡನೇ ತಪ್ಪು ಹೇಳುತ್ತಾರೆ. ಎಲ್ಲ ಆಕ್ಷೇಪವನ್ನೂ ಒಂದೇ ಸಲ ಹೇಳಿದರೆ ಜನರ ಎಷ್ಟು ದಿನ ಉಳಿಯುತ್ತದೆ, ಅಲ್ವಾ? ಇದಕ್ಕೆ ಹೊಸ ತಂತ್ರಾಂಶ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಇದರ ಮಧ್ಯೆ ಆಡಳಿತವೇ ಬದಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಹಿಂದೆ ಎಲ್ಲಕ್ಕೂ ಒಂದೇ ಪಾಲಿಕೆ ಇತ್ತು. ಈಗ ತಮ್ಮ ಮನೆ ಐದರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನೂ ತಿಳಿದುಕೊಂಡು ಜನ ಹೊರಡಬೇಕು.

ಖಾತಾ ಸಿಕ್ಕ ಮೇಲೆ ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0 ಇದೆ. 2023ರಲ್ಲಿ ಬಂದ ಈ ವ್ಯವಸ್ಥೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಕ್ಯೂಗಳನ್ನು ನಿಜಕ್ಕೂ ಕಡಿಮೆ ಮಾಡಿತು. ಕ್ರಯಪತ್ರದ ಕರಡನ್ನು ಮೊದಲೇ ಆನ್‌ಲೈನ್‌ನಲ್ಲಿ ಹಾಕಿ, ಪರಿಶೀಲನೆ ಆದ ಮೇಲೆ ಶುಲ್ಕ ಕಟ್ಟಿ, ಸ್ಲಾಟ್ ತೆಗೆದುಕೊಂಡು ಹೋದರೆ ಫೋಟೋ, ಹೆಬ್ಬೆಟ್ಟು, ಸಹಿ ಬೇಗ ಮುಗಿಯುತ್ತದೆ. ಆದರೆ ಎಲ್ಲವೂ ಒಂದೇ ಬಾಗಿಲಿನ ಮೂಲಕ ಹೋಗುವಾಗ ಆ ಬಾಗಿಲು ಮುಚ್ಚಿದರೆ ರಾಜ್ಯವೇ ನಿಲ್ಲುತ್ತದೆ. 2025ರ ಫೆಬ್ರವರಿ ಮೊದಲ ದಿನಗಳಲ್ಲಿ ಅದೇ ಆಯಿತು. ನಕಲಿ ಖಾತೆಗಳಿಂದ ಬೇಕೆಂದೇ ರಾಶಿ ರಾಶಿ ಕೋರಿಕೆ ಕಳಿಸಿ ಸರ್ವರ್ ಕಟ್ಟಿಹಾಕಿದ್ದು ತನಿಖೆಯಲ್ಲಿ ಗೊತ್ತಾಯಿತು. ಪೊಲೀಸ್ ಕೇಸೂ ಆಯಿತು. ಅಷ್ಟರಲ್ಲಿ ಹೊರದೇಶದಿಂದ ರಜೆ ಹಾಕಿ ಸಹಿಗೆಂದು ಬಂದವರು ವಾಪಸ್ ಹೋಗುವ ದಿನ ಬಂದಿತ್ತು.

ಸಹಿ ಹಾಕಬೇಕಾದವರು

ಹಳೆಯ ಮನೆ, ಪಿತ್ರಾರ್ಜಿತ ಸೈಟು ಆದರೆ ವಂಶವೃಕ್ಷ ಬೇಕು, ಅದರಲ್ಲಿರುವ ಎಲ್ಲರ ಸಹಿ ಬೇಕು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂಬುದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ದೇಶಕ್ಕೆಲ್ಲ ಅನ್ವಯ. ಕರ್ನಾಟಕ ಅದಕ್ಕೂ ಮುಂಚೆ 1994ರಲ್ಲೇ ಇದನ್ನು ತಂದಿತ್ತು. ಆದರೂ ಮನೆ ಮಾರುವ ಮಾತುಕತೆಯಲ್ಲಿ ಅಣ್ಣತಮ್ಮಂದಿರು ಮಾತ್ರ ಕೂತಿರುತ್ತಾರೆ. ಅಕ್ಕತಂಗಿಯರ ಸಹಿ ಬೇಕು ಅಂತ ಬ್ಯಾಂಕಿನ ವಕೀಲರು ಹೇಳಿದ ಮೇಲೆ ಅವರನ್ನು ಹುಡುಕುತ್ತಾರೆ. ತಮ್ಮನ್ನು ಕೇಳದೆ ಬೆಲೆ ನಿಗದಿಯಾಯಿತು ಎಂಬ ನೋವು ಅವರಿಗೆ ಇದ್ದೇ ಇರುತ್ತದೆ. ತಡವಾದದ್ದಕ್ಕೆ ಅವರನ್ನು ದೂರುವುದು ಅನ್ಯಾಯ. ಅಗ್ರಿಮೆಂಟ್ ದಿನವೇ ಅವರನ್ನು ಕರೆದಿದ್ದರೆ ಈ ತಡ ಬರುತ್ತಲೇ ಇರಲಿಲ್ಲ.

ಸಹಿ ಹಾಕಬೇಕಾದವರು ಅಮೆರಿಕ, ದುಬೈ, ಸಿಂಗಪುರದಲ್ಲಿದ್ದರೆ ಪವರ್ ಆಫ್ ಅಟಾರ್ನಿ ಬೇಕು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಾರುವವರೇ ಅನಿವಾಸಿಯಾದರೆ ತೆರಿಗೆಯದು ಬೇರೆ ಲೆಕ್ಕ. ಇಲ್ಲಿ ವಾಸ ಇರುವವರಿಂದ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಗೆ ಮನೆ ಕೊಂಡರೆ 1% ಟಿಡಿಎಸ್ ಹಿಡಿದರೆ ಮುಗಿಯಿತು. ಅನಿವಾಸಿಗಳಾದರೆ ದರ ಬಹಳ ಜಾಸ್ತಿ. ಅದನ್ನು ಇಳಿಸಿಕೊಳ್ಳಲು ಅವರು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಇದೆಲ್ಲ ಮುಗಿಯುವಾಗ ಆಷಾಢವೋ ಪಿತೃಪಕ್ಷವೋ ಬಂದರೆ ಎರಡೂ ಮನೆಯವರು ಮುಂದಿನ ತಿಂಗಳು ನೋಡೋಣ ಅನ್ನುತ್ತಾರೆ.

ಕಾಯುವುದರ ಬೆಲೆ

ಒಂದು ಲೆಕ್ಕ ಹಾಕಿ ನೋಡಿ. ಮನೆಯ ಬೆಲೆ 80 ಲಕ್ಷ ಅಂತಿಟ್ಟುಕೊಳ್ಳಿ. 2025ರ ಆಗಸ್ಟ್ 30ರವರೆಗೆ ಕರ್ನಾಟಕದಲ್ಲಿ ನೋಂದಣಿ ಶುಲ್ಕ 1% ಇತ್ತು. ಆಗಸ್ಟ್ 31ರಿಂದ ಅದು 2% ಆಯಿತು. ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ 5.6%. ಒಟ್ಟು 6.6% ಇದ್ದದ್ದು 7.6% ಆಯಿತು. 5.28 ಲಕ್ಷ ಕಟ್ಟಬೇಕಾದವರು 6.08 ಲಕ್ಷ ಕಟ್ಟಿದರು. ಮೇ ತಿಂಗಳಲ್ಲಿ ಅಗ್ರಿಮೆಂಟ್ ಮಾಡಿ, ಖಾತಾ ತಡವಾಗಿ ಸೆಪ್ಟೆಂಬರ್‌ಗೆ ರಿಜಿಸ್ಟ್ರೇಷನ್ ಆದವರಿಗೆ ಬರೀ ಕಾದದ್ದಕ್ಕೆ 80,000 ರೂಪಾಯಿ ಹೆಚ್ಚು ಬಿತ್ತು. ಹಿಂದೆ 2023ರ ಅಕ್ಟೋಬರ್ 1ರಂದು ಮಾರ್ಗಸೂಚಿ ಬೆಲೆ, ಅಂದರೆ ಶುಲ್ಕದ ಲೆಕ್ಕಕ್ಕೆ ಸರ್ಕಾರ ನಿಗದಿ ಮಾಡುವ ಆಸ್ತಿ ಬೆಲೆ, ಏರಿದಾಗಲೂ ಹೀಗೇ ಆಗಿತ್ತು. ಯಾರದೋ ಮೇಜಿನ ಮೇಲೆ ಕಾಗದ ಕೂತಿದ್ದಕ್ಕೆ ಕೊಳ್ಳುವವರು ಯಾಕೆ ಹೆಚ್ಚು ಶುಲ್ಕ ಕಟ್ಟಬೇಕು? ಶುಲ್ಕ ಏರುವ ಮೊದಲೇ ಅಗ್ರಿಮೆಂಟ್ ನೋಂದಣಿ ಮಾಡಿಸಿ, ಖಾತಾಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಹಳೆಯ ದರವನ್ನೇ ಉಳಿಸುವುದು ಸರ್ಕಾರಕ್ಕೆ ದೊಡ್ಡ ಮಾತಲ್ಲ.

ಇನ್ನೂ ಇವೆ. ಬ್ಯಾಂಕಿನ ಮಂಜೂರಾತಿ ಪತ್ರಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಅವಧಿ. ಅದು ಮುಗಿದರೆ ಸಂಬಳದ ಚೀಟಿ, ಸಿಬಿಲ್ ಅಂಕ, ಇಸಿ, ಎಲ್ಲವೂ ಹೊಸದಾಗಿ. ಆ ನಡುವೆ ಕೆಲಸ ಬದಲಾಗಿದ್ದರೆ ಸಾಲವೇ ಕೈತಪ್ಪಬಹುದು. ಡೌನ್ ಪೇಮೆಂಟ್‌ಗೆಂದು ಎಫ್‌ಡಿ ಮುರಿಸಿ, ಒಡವೆ ಮಾರಿ ತಂದ ದುಡ್ಡು ಉಳಿತಾಯ ಖಾತೆಯಲ್ಲಿ ಕೂತಿರುತ್ತದೆ. ಈಗಿರುವ ಮನೆಗೆ ಖಾಲಿ ಮಾಡುವ ನೋಟಿಸ್ ಕೊಟ್ಟಾಗಿರುತ್ತದೆ. ಮಕ್ಕಳಿಗೆ ಹೊಸ ಮನೆ ಹತ್ತಿರದ ಶಾಲೆಯಲ್ಲಿ ಸೀಟು ಹಿಡಿದಾಗಿರುತ್ತದೆ. ರಾತ್ರಿ ನಿದ್ದೆ ಬಾರದ ಮನೆಗಳಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ದೂರಲು ಶುರುಮಾಡುತ್ತಾರೆ. ಇದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಕೊಂಡವರ ಕಾಯುವಿಕೆ ತಿಂಗಳುಗಳದ್ದಲ್ಲ, ವರ್ಷಗಳದ್ದು. ಬ್ಯಾಂಕು 40 ಲಕ್ಷ ಬಿಡುಗಡೆ ಮಾಡಿದ್ದರೆ, 8.5% ಬಡ್ಡಿಯಲ್ಲಿ ತಿಂಗಳಿಗೆ 28,333 ರೂಪಾಯಿ ಪ್ರಿ-ಇಎಂಐ, ಅಂದರೆ ಬರೀ ಬಡ್ಡಿಯ ಕಂತು, ಹೋಗುತ್ತದೆ. ಅದರಲ್ಲಿ ಅಸಲು ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಜೊತೆಗೆ ಈಗಿನ ಬಾಡಿಗೆ. ಇವರಿಗೆ ಕನಿಷ್ಠ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಇದೆ. 2016ರ ಈ ಕಾಯ್ದೆ ಪ್ರಕಾರ ಕರಾರು ನೋಂದಣಿ ಮಾಡದೆ ಬಿಲ್ಡರ್ 10%ಗಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ, ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು. ಇಲ್ಲವೇ ಮನೆಯನ್ನು ಇಟ್ಟುಕೊಂಡು ತಡವಾದ ಪ್ರತಿ ತಿಂಗಳಿಗೆ ಬಡ್ಡಿ ಪಡೆಯಬಹುದು. ಓಸಿ, ಅಂದರೆ ಕಟ್ಟಡದಲ್ಲಿ ವಾಸಿಸಬಹುದು ಎಂಬ ಪ್ರಮಾಣಪತ್ರ, ಸಿಕ್ಕ ಮೂರು ತಿಂಗಳಲ್ಲಿ ಕ್ರಯಪತ್ರ ಮಾಡಿಕೊಡಬೇಕು. ದೂರುಗಳನ್ನು 60 ದಿನದಲ್ಲಿ ಇತ್ಯರ್ಥ ಮಾಡಬೇಕು ಎಂದೂ ಕಾಯ್ದೆಯಲ್ಲಿದೆ.

ಆದರೆ ರೇರಾದಲ್ಲಿ ಗೆದ್ದ ಮೇಲೂ ಕಾಯುವುದು ತಪ್ಪುತ್ತಿಲ್ಲ. ಪ್ರಾಧಿಕಾರ ಆದೇಶ ಕೊಡುತ್ತದೆ. ಬಿಲ್ಡರ್ ಕಟ್ಟದಿದ್ದರೆ ವಸೂಲಾತಿ ಪ್ರಮಾಣಪತ್ರ ಕೊಡುತ್ತದೆ. ವಸೂಲು ಮಾಡಬೇಕಾದವರು ಕಂದಾಯ ಇಲಾಖೆಯವರು, ಭೂಕಂದಾಯದ ಬಾಕಿ ವಸೂಲು ಮಾಡುವ ಹಾಗೆ. ಜಿಲ್ಲಾಧಿಕಾರಿಯಿಂದ ತಹಶೀಲ್ದಾರ್‌ಗೆ ಹೋದ ಆ ಕಾಗದ ಅಲ್ಲೇ ಉಳಿಯುತ್ತದೆ. ಕರ್ನಾಟಕದಲ್ಲಿ ಹೀಗೆ ಬಾಕಿ ಇರುವ ಮೊತ್ತ ನೂರಾರು ಕೋಟಿ ರೂಪಾಯಿ.

ಓಸಿಯ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಓಸಿ ಅಥವಾ ಪೂರ್ಣಗೊಂಡ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳು ಅದನ್ನು ನೋಡಿಯೇ ಸಾಲ ಕೊಡಬೇಕು ಎಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ನಕ್ಷೆ ಮೀರಿ ಕಟ್ಟುವುದು ಮಾಮೂಲಾಗಿದ್ದ ಬೆಂಗಳೂರಿಗೆ ಇದು ಬೇಕಿತ್ತು. ಆದರೆ ಏಟು ಬಿದ್ದದ್ದು ಮೊದಲೇ ದುಡ್ಡು ಕಟ್ಟಿ ಕೂತವರಿಗೆ. ಕಟ್ಟಡ ಮುಗಿದಿದ್ದರೂ ಮೀಟರ್ ಬಾರದೆ ಒಳಗೆ ಹೋಗಲಾಗದವರು ಬಹಳ ಜನ.

ಅವಧಿಗೆ ಹೊಣೆ ಯಾರು?

ಕರ್ನಾಟಕಕ್ಕೆ ಸಕಾಲ ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅರ್ಜಿಗೆ ಇಷ್ಟು ದಿನದಲ್ಲಿ ಉತ್ತರ ಕೊಡಬೇಕು ಎಂಬ ಹಕ್ಕು ಜನರಿಗೆ ಸಿಕ್ಕಿತು. ಆ ಕಾಲಕ್ಕೆ ದೇಶವೇ ತಿರುಗಿ ನೋಡುವಂಥ ಕೆಲಸ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದನ್ನು ರಿಸರ್ವ್ ಬ್ಯಾಂಕಿನ 5,000 ರೂಪಾಯಿ ಪಕ್ಕದಲ್ಲಿಟ್ಟು ನೋಡಿ. ಬ್ಯಾಂಕು ಮೂಲಪತ್ರ ಒಂದು ದಿನ ತಡ ಮಾಡಿದರೆ 5,000. ಸರ್ಕಾರಿ ಕಚೇರಿ ಒಂದು ತಿಂಗಳು ತಡ ಮಾಡಿದರೂ 500 ದಾಟುವುದಿಲ್ಲ. ಸಕಾಲದ ಮೊತ್ತವನ್ನು ಕೊಳ್ಳುವವರ ನಿಜವಾದ ನಷ್ಟಕ್ಕೆ ಹತ್ತಿರ ತರಬೇಕು. ಆಕ್ಷೇಪ ಹಾಕಿ ಅರ್ಜಿ ವಾಪಸ್ ಕಳಿಸಿದ ಮೇಲೂ ದಿನಗಳ ಎಣಿಕೆ ನಿಲ್ಲಬಾರದು. ಇಲ್ಲದಿದ್ದರೆ ಅವಧಿ ಮುಗಿಯುವ ಹಿಂದಿನ ದಿನ ಒಂದು ಆಕ್ಷೇಪ ಹಾಕಿದರೆ ಆಯಿತು.

ಸರ್ಕಾರದ ರೀತಿ ಬದಲಾಗುವವರೆಗೆ ಕೊಳ್ಳುವವರ ಕೈಯಲ್ಲಿರುವ ಒಂದೇ ಸಾಧನ ಅಗ್ರಿಮೆಂಟ್. ಅದನ್ನೇ ನಾವು ಅತಿ ಅವಸರದಲ್ಲಿ ಮಾಡುತ್ತೇವೆ. ಏಜೆಂಟ್ ತಂದ ಸಿದ್ಧ ನಮೂನೆಗೆ ಹೆಸರು, ಬೆಲೆ ತುಂಬಿ ಸಹಿ ಹಾಕುತ್ತೇವೆ. ಅದರಲ್ಲಿ ಮೂರು ತಿಂಗಳು ಎಂದು ಬರೆದಿದ್ದರೂ ಅದಕ್ಕೆ ಬಲ ಕಡಿಮೆ. ಸ್ಥಿರಾಸ್ತಿಯ ಕರಾರಿನಲ್ಲಿ ಕಾಲವೇ ಮುಖ್ಯ ಎಂದು ಸಾಮಾನ್ಯವಾಗಿ ಊಹಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತ್ತು. ಬೆಲೆ ಹೀಗೆ ಏರುವ ಕಾಲದಲ್ಲಿ ಆ ನಿಯಮವನ್ನು ಮತ್ತೆ ಯೋಚಿಸಬೇಕು ಎಂದು 2011ರಲ್ಲಿ ಅದೇ ಕೋರ್ಟ್ ಹೇಳಿದ್ದೂ ಉಂಟು. ಹಾಗಾಗಿ ಕಾಲವೇ ಈ ಕರಾರಿನ ಮುಖ್ಯ ಷರತ್ತು ಎಂದು ಪತ್ರದಲ್ಲೇ ಸ್ಪಷ್ಟವಾಗಿ ಬರೆಸುವುದು ಒಳ್ಳೆಯದು.

ಆಮೇಲೆ ಒಂದೇ ಕೊನೆಯ ದಿನದ ಬದಲು ಒಂದೊಂದು ಕೆಲಸಕ್ಕೂ ಒಬ್ಬರ ಹೆಸರು, ಒಂದು ದಿನಾಂಕ ಹಾಕಿಸಿ. ಇ-ಖಾತಾ ಮಾರುವವರು ಇಂಥ ದಿನದೊಳಗೆ ತರಬೇಕು, ಬ್ಯಾಂಕಿನ ದಾಖಲೆ ಪಟ್ಟಿ ಇಂಥ ದಿನ, ಸಾಲದ ಮಂಜೂರಾತಿ ಕೊಳ್ಳುವವರು ಇಂಥ ದಿನ. ಮಾರುವವರ ಕಡೆಯಿಂದ ತಡವಾಗಿ ಶುಲ್ಕ ಏರಿದರೆ ವ್ಯತ್ಯಾಸ ಅವರದು. ದಾಖಲೆಯ ದೋಷದಿಂದ ಬ್ಯಾಂಕ್ ಸಾಲ ನಿರಾಕರಿಸಿದರೆ ಅಡ್ವಾನ್ಸ್ ಪೂರ್ತಿ ವಾಪಸ್, ಅದಕ್ಕೂ ಒಂದು ಗಡುವು. ಸಾಧ್ಯವಾದರೆ ಇ-ಖಾತಾ ಕೈಗೆ ಬರುವವರೆಗೆ ಸಣ್ಣ ಟೋಕನ್ ಮಾತ್ರ ಕೊಟ್ಟು, ದೊಡ್ಡ ಅಡ್ವಾನ್ಸ್ ಆಮೇಲೆ ಕೊಡಿ. ಇದನ್ನು ಕೇಳಿದರೆ ಒಪ್ಪದ ಮಾರಾಟಗಾರರು ಇದ್ದಾರೆ. ಬೇರೆಯವರು ಕ್ಯೂ ನಿಂತಿದ್ದಾರೆ ಅನ್ನುತ್ತಾರೆ. ಅಂಥ ಮನೆ ಕೈತಪ್ಪಿದರೆ ತಪ್ಪಲಿ ಎಂದೇ ನಾನು ಹೇಳುತ್ತೇನೆ.

ಮತ್ತೆ, ಅಗ್ರಿಮೆಂಟನ್ನು ನೋಂದಣಿ ಮಾಡಿಸಿ. ಖರ್ಚು ಇದೆ ಅಂತ ಜನ ಹಿಂದೇಟು ಹಾಕುತ್ತಾರೆ, ನೋಟರಿ ಸಾಕು ಅನ್ನುತ್ತಾರೆ. ನೋಟರಿ ಮಾಡಿದ ಕರಾರು ಇಸಿಯಲ್ಲಿ ಕಾಣುವುದಿಲ್ಲ. ನೀವು ಖಾತಾಕ್ಕಾಗಿ ಕಾಯುತ್ತಿರುವಾಗ ಅದೇ ಮನೆಯನ್ನು ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ತೋರಿಸಿದರೆ, ಅವರ ವಕೀಲರಿಗೆ ನಿಮ್ಮ ವಿಷಯ ಗೊತ್ತೇ ಆಗುವುದಿಲ್ಲ. ನೋಂದಣಿಯಾಗಿದ್ದರೆ ಇಸಿ ತೆಗೆದ ಕೂಡಲೇ ನಿಮ್ಮ ಹೆಸರು ಅಲ್ಲಿರುತ್ತದೆ.